ಹೊಲದ ದಾರಿಯ ಓಟ, ಹಕ್ಕಿಯ ಹೆಸರು

ಬೆಳಗಿನ ಓಟ ನಮ್ಮ ಹಳೆಯ ಅಭ್ಯಾಸ. ಊರು ಬದಲಾದರೂ ಅದನ್ನು ಬಿಟ್ಟವರಲ್ಲ. ಕಳೆದ ಕ್ರಿಸ್‌ಮಸ್ ರಜೆಯಲ್ಲಿ ತೆಲಂಗಾಣದ ಜಹೀರಾಬಾದಿಗೆ, ಟಿ.ಸಿ.ಎಚ್. ತರಬೇತಿಯಲ್ಲಿ ಜೊತೆಗಿದ್ದ ಗೆಳೆಯರೊಬ್ಬರ ಮನೆಗೆ ಹೋಗಿದ್ದಾಗಲೂ ಒಂದು ವಾರ ನಸುಕಿನಲ್ಲಿ ಓಡಿದೆವು. ಅಲ್ಲಿ ಕಂಡದ್ದನ್ನು ಕಾಸರಗೋಡಿನ ಕನ್ನಡಿಗರ ಮುಂದಿಡಲು ಕಾರಣವಿದೆ. ದಕ್ಷಿಣ ಕನ್ನಡದ ನಮ್ಮ ತಾಲೂಕು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ, ಬೀದರ ಜಿಲ್ಲೆಯಲ್ಲಿದ್ದ ಜಹೀರಾಬಾದು, ನಾರಾಯಣಖೇಡಗಳೂ ಗುಲ್ಬರ್ಗ ಜಿಲ್ಲೆಯಲ್ಲಿದ್ದ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಅವು ತೆಲಂಗಾಣದಲ್ಲಿವೆ. ನಾವೂ ಅವರೂ ಒಂದೇ ದಿನ ಗಡಿಯಾಚೆಯವರಾದೆವು.

ನಮ್ಮಲ್ಲಿ ಓಡುವುದೆಂದರೆ ತೆಂಗು ಕಂಗಿನ ನೆರಳು, ಏರು ಇಳಿತದ ಗುಡ್ಡದ ದಾರಿ. ಅಲ್ಲಿ ಓಣಿಯ ಕೊನೆಯ ಮನೆ ದಾಟಿದೊಡನೆ ಕಣ್ಣು ಹಾಯುವಷ್ಟೂ ಬಯಲು. ಕೆಂಪು ಮಣ್ಣಿನ ದಾರಿಯ ಇಬ್ಬದಿಯಲ್ಲಿ ಕಾಯಿ ಬಲಿತ ತೊಗರಿ, ಎದೆಯೆತ್ತರದ ಜೋಳ, ಇಬ್ಬನಿಯಲ್ಲಿ ತೊಯ್ದ ಕಡಲೆ. ಬದುವಿನ ಮೇಲೆ ತಂಗಡಿಯ ಹಳದಿ ಹೂ. ಚಳಿಗೆ ಕಿವಿ ಮರಗಟ್ಟಿದರೂ ನಾಲ್ಕು ಫರ್ಲಾಂಗು ಓಡುವಷ್ಟರಲ್ಲಿ ಮೈ ಬಿಸಿಯೇರಿ ಮನಸ್ಸು ಹಗುರವಾಗುತ್ತಿತ್ತು. ಒಂದು ದಿನ ಎತ್ತು ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ಕಂಡು ನಿಂತು, "ಯಾಕ್ರೀ, ಯಾರರ ಬೆನ್ನ ಹತ್ಯಾರೇನ್ರಿ?" ಎಂದು ಕೇಳಿದರು. ಅಷ್ಟು ದೂರದಲ್ಲಿ ಆ ಕನ್ನಡ ಕೇಳಿ ನಮಗಾದ ಸಂತೋಷ ಸಣ್ಣದಲ್ಲ.

ಗೆಳೆಯರ ಮಗ, ಐದನೆಯ ತರಗತಿಯ ಹುಡುಗ, ನಮ್ಮ ಜೊತೆ ಓಡುತ್ತಿದ್ದ. ಮನೆಯಲ್ಲಿ ಅವನದು ಅಚ್ಚ ಕನ್ನಡ. ಆದರೆ ಹೊಲಕ್ಕೆ ಕೈ ತೋರಿಸಿ ಕೇಳಿದರೆ ಜೋಳ 'ಜೊನ್ನ'ವಾಗುತ್ತಿತ್ತು, ತೊಗರಿ 'ಕಂದಿ'ಯಾಗುತ್ತಿತ್ತು. ತಂತಿಯ ಮೇಲಿದ್ದ ನೀಲಕಂಠ ರೆಕ್ಕೆ ಬಿಚ್ಚಿ ಹಾರಿದಾಗ 'ಪಾಲಪಿಟ್ಟ' ಎಂದು ಕುಣಿದ. ಕನ್ನಡದಲ್ಲಿ ಏನೆನ್ನುತ್ತಾರೆ ಎಂದರೆ ತಲೆ ತಗ್ಗಿಸಿದ. ಆ ಹಕ್ಕಿ ಕರ್ನಾಟಕಕ್ಕೂ ತೆಲಂಗಾಣಕ್ಕೂ ರಾಜ್ಯಪಕ್ಷಿ. ಅದರ ತೆಲುಗು ಹೆಸರು ಹುಡುಗನಿಗೆ ಬಂದದ್ದು ಲಾಭವೇ. ಕನ್ನಡದ ಹೆಸರು ಬಾರದೆ ಹೋದದ್ದು ನಷ್ಟ. ಮನೆಗೆ ಬಂದು ವಿಚಾರಿಸಿದರೆ ಅವನ ಅಜ್ಜಿ ಒಂದೇ ಉಸಿರಿಗೆ ಹತ್ತಾರು ಹಕ್ಕಿ, ಗಿಡಗಳ ಹೆಸರು ಹೇಳಿ, "ಇಂವ ಯಾವಾಗ ಕೇಳ್ಯಾನ್ರೀ?" ಎಂದರು. ಒಂದೇ ಸೂರಿನಡಿ ಅಜ್ಜಿಯ ಬಾಯಿಯಿಂದ ಮೊಮ್ಮಗನ ಕಿವಿಗೆ ಆ ಹೆಸರುಗಳು ತಲುಪಿರಲಿಲ್ಲ.

ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಇದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನಲ್ಲಿ ಹುಟ್ಟಿ, 2023ರಲ್ಲಿ ತೀರಿಕೊಂಡ ಪಿ. ವಿ. ಸತೀಶ್. ಅದರ ಸಂಘಗಳ ಬಡ ರೈತಮಹಿಳೆಯರು ಜೋಳ, ನವಣೆ, ಸಜ್ಜೆಗಳ ಊರ ಬೀಜಗಳನ್ನು ಮನೆಯ ಬುಟ್ಟಿಗಳಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ಈ ಸಂಸ್ಥೆಗೆ 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂತು. ಬೀಜ ಬುಟ್ಟಿಯಲ್ಲಿದ್ದರೆ ಸಾಲದು, ಮತ್ತೆ ಮತ್ತೆ ಬಿತ್ತಿದರೆ ಮಾತ್ರ ಉಳಿದೀತು. ಹೆಸರುಗಳೂ ಹಾಗೆಯೇ. ನಿಘಂಟಿನಲ್ಲಿದ್ದ ಮಾತ್ರಕ್ಕೆ ಅವು ಬದುಕವು. ಮಕ್ಕಳ ನಾಲಿಗೆಯ ಮೇಲೆ ಬಿತ್ತನೆಯಾಗಬೇಕು.

ಹಿಂದಿರುಗುವಾಗ ತಾಂಡೂರಿನಲ್ಲಿಳಿದು ಒಂದು ಬೆಳಗ್ಗೆ ಕಾಗಿಣಾ ನದಿಯ ಕಡೆಗೆ ಓಡಿದೆವು. ತಾಂಡೂರನ್ನು ದಾಟಿದ ಈ ನದಿ ಸೇಡಂ ತಾಲೂಕಿನ ಮಳಖೇಡದ ಬಳಿ ಹರಿದು ಭೀಮೆಯನ್ನು ಸೇರುತ್ತದೆ. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ, 'ಕವಿರಾಜಮಾರ್ಗ' ರಚನೆಗೊಂಡ ಕಾಲದ ರಾಜಧಾನಿ. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಇಂಥ ಹೊಳೆಯ ದಂಡೆಯಲ್ಲಿ ಬೆಳೆಯುವ ಕನ್ನಡದ ಮಗುವಿಗೆ 'ತೊಗರಿ' ಎಂಬ ಮಾತು ಹೊಸದಾಗಿ ಕೇಳಿಸಿದರೆ ಅದಕ್ಕಿಂತ ದುಃಖ ಬೇರೇನು?

ನಮ್ಮ ಮಕ್ಕಳ ಪಾಡು ಬೇರೆಯೇ? ತೋಟದ ಕೆಂಬೂತವನ್ನು 'ಚೆಂಬೋತ್ತು' ಎನ್ನುವ, ಅದೂ ತಿಳಿಯದೆ ಬರಿಯ 'ಬರ್ಡ್' ಎನ್ನುವ ಮಕ್ಕಳನ್ನು ತರಗತಿಯಲ್ಲಿ ಕಾಣುತ್ತಲೇ ಇದ್ದೇವೆ. ಕನ್ನಡ ಬಲ್ಲ ಅಧ್ಯಾಪಕರು ಬೇಕು, ಪಠ್ಯಪುಸ್ತಕ ಸಮಯಕ್ಕೆ ಬೇಕು ಎಂದು ಕೇಳುವುದು ನಮ್ಮ ಹಕ್ಕು, ಅದನ್ನು ಬಿಡತಕ್ಕದ್ದಲ್ಲ. ಆದರೆ ಹಿತ್ತಿಲ ಹಕ್ಕಿಯ ಹೆಸರನ್ನು ಮಗುವಿಗೆ ಹೇಳಿಕೊಡಲು ಯಾವ ಸರಕಾರದ ಆದೇಶ ಬೇಕು? ಆದಿತ್ಯವಾರ ಬೆಳಗ್ಗೆ ಅರ್ಧ ಗಂಟೆ ಮಗುವನ್ನು ಕರೆದುಕೊಂಡು ಹೊರಡಿ. ಓಡಲಾಗದವರು ನಡೆಯಿರಿ. ತುಳು, ಹವ್ಯಕ, ಕೊಂಕಣಿ, ಮರಾಠಿ, ಮನೆಯಲ್ಲಿ ಯಾವುದಿದೆಯೋ ಆ ಹೆಸರೂ ಜೊತೆಗಿರಲಿ.

ಜಹೀರಾಬಾದಿನಿಂದ ಹೊರಡುವ ದಿನ ಆ ಹುಡುಗ ನಮಗಿಂತ ಮುಂದೆ ಓಡಿ, "ಕಾಕಾ, ನೀಲಕಂಠ ನೋಡ್ರಿ!" ಎಂದು ಕೂಗಿದ. ಅವನಿಗೆ ಬೇಕಾದದ್ದು ಒಂದು ವಾರ, ಹೇಳಿಕೊಡಲು ಒಬ್ಬ ಅಜ್ಜಿ. ನಮ್ಮ ಮನೆಗಳಲ್ಲೂ ಅಜ್ಜಿಯರಿದ್ದಾರೆ. ಅವರು ಇರುವಾಗಲೇ ಕೇಳಿಕೊಳ್ಳೋಣ.