ಸತ್ಸಂಪ್ರದಾಯಕ್ಕಾಗಿ ಅತ್ತಿದ್ದು ಸಾಕು

ನಮ್ಮ ಸೆಮಿನಾರುಗಳಲ್ಲಿ ಅಮೆರಿಕದ ಮಾತು ಬಂದರೆ ಈಗೀಗ ಸೂತಕದ ಮನೆಯ ಧಾಟಿ ಕೇಳಿಸುತ್ತದೆ. ಅಲ್ಲಿನ ಅಧ್ಯಕ್ಷರನ್ನು ಇಷ್ಟು ಕಾಲ ಹಿಡಿದಿಟ್ಟದ್ದು ಬರೆದ ಕಾನೂನಲ್ಲ, ಬರೆಯದ ಮರ್ಯಾದೆ; ಮರ್ಯಾದೆಯೇ ಹೋದ ಮೇಲೆ ಕಾನೂನು ಏನು ಮಾಡೀತು? ಹೀಗೆಂದು ಎಲ್ಲರೂ ಚಹಾಕ್ಕೆ ಏಳುತ್ತೇವೆ. ಪಿಎಚ್‌ಡಿಗೆ ಸೇರಿದ ಹೊಸತರಲ್ಲಿ ನಾನೂ ಇದನ್ನೇ ಹೇಳಿಕೊಂಡು ತಿರುಗಿದವಳು. ಈಗ ಇದು ಬರೀ ಸೋಮಾರಿತನ ಅನ್ನಿಸುತ್ತದೆ. ಮರ್ಯಾದೆ ಮುರಿದು ಬಿದ್ದಿದೆ ಎಂದು ನಾವು ಮರುಗುವ ಎಷ್ಟೋ ಕಡೆ ಕಾನೂನಿನ ಬೀಗ ಮೊದಲೇ ಕೆಟ್ಟಿತ್ತು. ಬಾಗಿಲು ತಳ್ಳುವವರು ಬರಲಿಲ್ಲ, ಅಷ್ಟೆ.

ತುರ್ತುಪರಿಸ್ಥಿತಿಯ ಅಧಿಕಾರವನ್ನೇ ನೋಡಿ. 1970ರ ದಶಕದಲ್ಲಿ ಅಮೆರಿಕದ ಸೆನೆಟ್ ಸಮಿತಿಯೊಂದು ಹಳೆಯ ಕಡತ ಬಿಚ್ಚಿದಾಗ, ಬ್ಯಾಂಕುಗಳ ಕುಸಿತಕ್ಕೆಂದು 1933ರಲ್ಲಿ ರೂಸ್‌ವೆಲ್ಟ್ ಘೋಷಿಸಿದ್ದ ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು! ಅದಕ್ಕೆಂದು 1976ರಲ್ಲಿ ಕಾಯ್ದೆ ಬಂತು. ಅಧ್ಯಕ್ಷರು ತುರ್ತುಪರಿಸ್ಥಿತಿ ಘೋಷಿಸಬಹುದು. ಆದರೆ ಕಾಂಗ್ರೆಸ್ಸಿನ ಎರಡೂ ಸದನಗಳು ಸರಳ ಬಹುಮತದಿಂದ ಬೇಡವೆಂದರೆ ಅಲ್ಲಿಗೆ ಮುಗಿಯಿತು, ಅಧ್ಯಕ್ಷರ ಸಹಿ ಬೇಕಿಲ್ಲ. ಆರು ತಿಂಗಳಿಗೊಮ್ಮೆ ಸದನಗಳು ಅದನ್ನು ಪರಿಶೀಲಿಸಬೇಕೆಂದೂ ಬರೆದರು. ಸದನಗಳು ಆ ಗೊಡವೆಗೆ ಹೋಗಲಿಲ್ಲ, ಅದು ಬೇರೆ ಮಾತು.

ಈ ಬೀಗವನ್ನು ಕೆಡಿಸಿದ್ದು ಟ್ರಂಪ್ ಅಲ್ಲ. ಕೆನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದ ಜಗದೀಶ್ ರಾಯ್ ಚಡ್ಡಾ ಎಂಬ ವಿದ್ಯಾರ್ಥಿಯ ವೀಸಾ ಅವಧಿ ಮುಗಿದಿತ್ತು. ವಲಸೆ ನ್ಯಾಯಾಧೀಶರು ಗಡೀಪಾರನ್ನು ತಡೆದರು, ಕೆಳಮನೆ ತಾನೊಂದೇ ನಿರ್ಣಯ ಮಾಡಿ ಆ ತಡೆಯನ್ನು ತೆಗೆದುಹಾಕಿತು. 1983ರಲ್ಲಿ ಸುಪ್ರೀಂ ಕೋರ್ಟ್, ಅಧ್ಯಕ್ಷರ ಮುಂದಿಡದೆ ಸದನ ಇಂಥ ನಿರ್ಣಯ ಮಾಡುವಂತಿಲ್ಲ ಎಂದಿತು. ಚಡ್ಡಾ ಅವರಿಗೆ ಸಿಕ್ಕಿದ್ದು ನ್ಯಾಯವೇ. ಆದರೆ ಅದೇ ತೀರ್ಪಿನ ಹೊಡೆತಕ್ಕೆ 1976ರ ಕಾಯ್ದೆಯ ಬೀಗವೂ ಹೋಯಿತು. ಕಾಯ್ದೆಯನ್ನು 1985ರಲ್ಲಿ ತಿದ್ದಿದರು: ತುರ್ತುಪರಿಸ್ಥಿತಿ ಕೊನೆಗೊಳಿಸುವ ನಿರ್ಣಯಕ್ಕೆ ಇನ್ನು ಮುಂದೆ ಅಧ್ಯಕ್ಷರದೇ ಸಹಿ ಬೇಕು. ಅವರು ವೀಟೊ ಮಾಡಿದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಕಳ್ಳನ ಒಪ್ಪಿಗೆ ಪಡೆದು ಬಾಗಿಲು ಹಾಕಿ ಎಂದಂತೆ.

ಮೂವತ್ತನಾಲ್ಕು ವರ್ಷ ಇದು ಯಾರಿಗೂ ದೊಡ್ಡ ತಲೆನೋವಾಗಲಿಲ್ಲ. 2019ರಲ್ಲಿ ಟ್ರಂಪ್ ಗಡಿಗೋಡೆಗೆ 570 ಕೋಟಿ ಡಾಲರ್ ಕೇಳಿದರು, ಕಾಂಗ್ರೆಸ್ 137.5 ಕೋಟಿ ಕೊಟ್ಟಿತು. ಫೆಬ್ರವರಿ 15ಕ್ಕೆ ಅವರು ತುರ್ತುಪರಿಸ್ಥಿತಿ ಘೋಷಿಸಿ ಬೇರೆ ಬಾಬತ್ತಿನ ಹಣಕ್ಕೆ ಕೈಹಾಕಿದರು. ಇದು ಅಗತ್ಯವೇನಿರಲಿಲ್ಲ, ಕೆಲಸ ಬೇಗ ಆಗಲಿ ಅಂತ ಮಾಡಿದೆ ಎಂದು ತಾವೇ ಹೇಳಿದರು. ಕೆಳಮನೆ 245-182ರಿಂದ, ಸೆನೆಟ್ 59-41ರಿಂದ ಬೇಡವೆಂದವು. ಸೆನೆಟ್ಟಿನಲ್ಲಿ ಅವರದೇ ಪಕ್ಷದ ಹನ್ನೆರಡು ಮಂದಿ ವಿರುದ್ಧ ಮತ ಹಾಕಿದ್ದರು. ಮರ್ಯಾದೆ ಅಲ್ಲಿ ಪೂರ್ತಿ ಸತ್ತಿರಲಿಲ್ಲ ನೋಡಿ. ಟ್ರಂಪ್ ವೀಟೊ ಮಾಡಿದರು, ಮೂರನೇ ಎರಡು ಕೂಡಲಿಲ್ಲ. 1976ರ ಬೀಗ ನೆಟ್ಟಗಿದ್ದಿದ್ದರೆ ಆ ಮತಗಳೇ ಸಾಕಿದ್ದವು.

ಈ ಪಾಠವನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯುವವರು, ಹೋಲಿಕೆ ಅಷ್ಟಕ್ಕಷ್ಟೇ. ಆದರೆ 356ನೇ ವಿಧಿ ನಿಂತಿದ್ದೂ ಮರ್ಯಾದೆಯ ಮೇಲೆಯೇ. ಅದು ಬಳಕೆಗೇ ಬರದೆ ಉಳಿಯಲಿ ಎಂದು ಅಂಬೇಡ್ಕರ್ ಆಶಿಸಿದ್ದರು. 1994ರ ಹೊತ್ತಿಗೆ ತೊಂಬತ್ತಕ್ಕೂ ಹೆಚ್ಚು ಬಾರಿ ಬಳಕೆಯಾಗಿತ್ತು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿಯವರು ಬಹುಮತವನ್ನು ಸದನದಲ್ಲೇ ತೋರಿಸುತ್ತೇನೆ ಎಂದರು. ರಾಜ್ಯಪಾಲರು ಒಪ್ಪದೆ ವರದಿ ಕಳಿಸಿದರು, ಸರ್ಕಾರ ಹೋಯಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಾಗ ಬೊಮ್ಮಾಯಿಯವರಿಗೆ ಮರಳಿ ಪಡೆಯಲು ಏನೂ ಉಳಿದಿರಲಿಲ್ಲ. ಉಳಿದದ್ದು ಕಾನೂನು: ಬಹುಮತ ಎಣಿಸುವ ಜಾಗ ರಾಜಭವನವಲ್ಲ, ವಿಧಾನಸಭೆ; ಸಂಸತ್ತು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. 2016ರಲ್ಲಿ ಉತ್ತರಾಖಂಡದಲ್ಲಿ ಅದೇ ಆಟ ನಡೆದಾಗ ಸದನದಲ್ಲಿ ತಲೆ ಎಣಿಸಿ, ಹರೀಶ್ ರಾವತ್ ಒಂದೂವರೆ ತಿಂಗಳಲ್ಲಿ ಕುರ್ಚಿಗೆ ಮರಳಿದರು. 1989ಕ್ಕೂ 2016ಕ್ಕೂ ನಡುವೆ ನಮ್ಮ ರಾಜಕಾರಣಿಗಳು ಸಭ್ಯರಾದರು ಅಂತ ಯಾರಾದರೂ ಹೇಳುತ್ತಾರೆಯೇ?

ಬೇಲಿ ಕಾಯಬೇಕಾದ ನ್ಯಾಯಾಲಯವೇ ಬೇಲಿ ಕಿತ್ತರೆ ಎಂಬ ಪ್ರಶ್ನೆ ನ್ಯಾಯವಾದದ್ದು. 2024ರ ಜುಲೈ 1ರಂದು ಅಮೆರಿಕದ ಸುಪ್ರೀಂ ಕೋರ್ಟ್ 6-3ರಿಂದ ಅಧ್ಯಕ್ಷರ ಅಧಿಕೃತ ಕೃತ್ಯಗಳಿಗೆ ಕ್ರಿಮಿನಲ್ ಮೊಕದ್ದಮೆಯಿಂದ ವಿಶಾಲ ರಕ್ಷಣೆ ಕೊಟ್ಟಿತು. ಅದಕ್ಕೇ ಬೀಗದ ಕೈಯನ್ನು ಒಂದೇ ಕಡೆ ಇಡಬಾರದು ಎನ್ನುವುದು. ಸಂಸತ್ತು ಒಪ್ಪದಿದ್ದರೆ 30 ದಿನಕ್ಕೆ ತಾನಾಗಿಯೇ ಮುಗಿಯುವ ತುರ್ತುಪರಿಸ್ಥಿತಿಗೆ ಧೀರ ನ್ಯಾಯಾಧೀಶರೂ ಬೇಡ, ಸಜ್ಜನ ಸೆನೆಟರರೂ ಬೇಡ. ಮತ ಕೂಡಿಸುವ ಹೊರೆ ಅಧ್ಯಕ್ಷರ ಮೇಲೆ ಬೀಳುತ್ತದೆ. ಅಂಥ ಮಸೂದೆ 2019ರಲ್ಲೇ ಬಂತು. ಟ್ರಂಪ್ ಕಾಲದಲ್ಲೂ ಕಾಯ್ದೆಯಾಗಲಿಲ್ಲ, ಬೈಡನ್ ಕಾಲದಲ್ಲೂ ಆಗಲಿಲ್ಲ. 2025ರ ಏಪ್ರಿಲ್‌ನಲ್ಲಿ ವ್ಯಾಪಾರ ಕೊರತೆಯನ್ನೇ ತುರ್ತುಪರಿಸ್ಥಿತಿ ಎಂದು ಕರೆದು ಲೋಕದ ಮೇಲೆಲ್ಲ ಸುಂಕ ಹೇರಿದ್ದನ್ನು ನೋಡಿದೆವು. ಇರಾನಿನ ಒತ್ತೆಯಾಳುಗಳಿಗೆಂದು 1979ರ ನವೆಂಬರಿನಲ್ಲಿ ಕಾರ್ಟರ್ ಘೋಷಿಸಿದ ತುರ್ತುಪರಿಸ್ಥಿತಿಯನ್ನಂತೂ ಎರಡೂ ಪಕ್ಷಗಳ ಅಧ್ಯಕ್ಷರು ವರ್ಷವರ್ಷ ನವೀಕರಿಸುತ್ತ ಬಂದಿದ್ದಾರೆ. ಒತ್ತೆಯಾಳುಗಳು ಮನೆ ಸೇರಿದ್ದು 1981ರಲ್ಲಿ.