ಹಿಟ್ಟಿನ ಕೋಳಿಯೂ ಪರದೆಯ ಪಡೆಯೂ

ಹಿಂಸೆಯಿಲ್ಲದ ಆಟವೆಂಬ ಹೆಸರಿನಲ್ಲಿ ಒಂದು ಬಗೆಯ ವಿಡಿಯೋ ಆಟ ಶ್ರಾವಕರ ಮನೆಗಳಿಗೆ ನಿರಾತಂಕವಾಗಿ ಪ್ರವೇಶ ಪಡೆಯುತ್ತಿದೆ. ಭಾಲ್ಕಿ ತಾಲ್ಲೂಕಿನ ಸಾಯಗಾಂವದಂಥ ಗಡಿಸೀಮೆಯ ಊರಿಗೂ ಅದಕ್ಕೆ ದಾರಿಯುಂಟು. ರಜೆಯ ದಿನಗಳಲ್ಲಿ ಪುಣೆ, ಹೈದರಾಬಾದುಗಳಿಂದ ಬರುವ ಬಂಧುಗಳ ಮಕ್ಕಳ ಕೈಚೀಲದಲ್ಲಿ ಅದು ಬರಬಲ್ಲದು. ಉಳಿದ ದಿನಗಳಲ್ಲಿ ಅದೇ ಜಾತಿಯ ಆಟಗಳು ಮೊಬೈಲ್ ಫೋನಿನಲ್ಲಿಯೇ ದೊರೆಯುತ್ತವೆ. ಹಿರಿಯರು ಬಾಗಿಲಲ್ಲಿ ನಿಂತು ಒಮ್ಮೆ ಇಣುಕುತ್ತಾರೆ. ಬಂದೂಕಿಲ್ಲ, ರಕ್ತವಿಲ್ಲ, ಮನುಷ್ಯನನ್ನು ಮನುಷ್ಯನು ಕೊಲ್ಲುವುದಿಲ್ಲ. ತಲೆಯ ಮೇಲೆ ಎಲೆ, ಹೂವು ಹೊತ್ತ ಪುಟ್ಟ ಜೀವಿಗಳು ಸಾಲಾಗಿ ಓಡಾಡುತ್ತಿವೆ. ಜೊತೆಗೊಂದು ಮುದ್ದಾದ ನಾಯಿ. ಇಷ್ಟು ಕಂಡರೆ ಹಿರಿಯರಿಗೆ ಸಮಾಧಾನ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ಎಂಬ ಗುಂಡಿನ ಆಟವನ್ನು ನಿಷೇಧಿಸಿದಾಗ ಅವರಿಗೆ ಆಗಿದ್ದ ಸಮಾಧಾನವೂ ಇಂಥದೇ. ಆ ನಿಷೇಧಕ್ಕೆ ಕೊಟ್ಟ ಕಾರಣ ದೇಶದ ಭದ್ರತೆ. ಹಿಂಸೆಯ ಮಾತು ಅಲ್ಲಿ ಬಂದಿರಲಿಲ್ಲ ಎಂಬುದನ್ನು ಗಮನಿಸಿದವರು ವಿರಳ.

ಈ ಸಮಾಧಾನ ಅವಸರದ್ದು. ಕಣ್ಣಿಗೆ ರಕ್ತ ಕಾಣದಿದ್ದರೆ ಹಿಂಸೆಯಿಲ್ಲವೆಂದು ನಿರ್ಣಯಿಸುವುದಾದರೆ ಆಗಮಗಳು ಇಷ್ಟು ಸೂಕ್ಷ್ಮವಾಗಿ ವಿವೇಚಿಸುವ ಅಗತ್ಯವೇ ಇರಲಿಲ್ಲ.

ಮೊದಲು ಆಟದ ಸ್ವರೂಪವನ್ನು ಅರಿಯಬೇಕು. ಅರಿಯದೆ ಖಂಡಿಸುವುದು ಅನೇಕಾಂತವನ್ನು ಒಪ್ಪಿದವರಿಗೆ ಶೋಭಿಸದು. ಜಪಾನಿನ ನಿಂಟೆಂಡೊ ಸಂಸ್ಥೆಯ ‘ಪಿಕ್‌ಮಿನ್’ ಎಂಬ ಆಟ 2001ರಲ್ಲಿ ಹೊರಬಂದಿತು. ಅದರ ನಿರ್ಮಾತೃ ಶಿಗೆರು ಮಿಯಾಮೊಟೊ ಅವರಿಗೆ ತೋಟದಲ್ಲಿ ಸಾಲುಗಟ್ಟಿ ಸಾಗುವ ಇರುವೆಗಳನ್ನು ಕಂಡು ಇದರ ಕಲ್ಪನೆ ಮೂಡಿತೆಂದು ಪ್ರಸಿದ್ಧಿ. ಹೆಬ್ಬೆರಳಿಗಿಂತ ಚಿಕ್ಕವನಾದ ಒಬ್ಬ ನಾಯಕನ ವಾಹನ ಅಪರಿಚಿತ ಗ್ರಹದ ಮೇಲೆ ಕೆಡೆದು ಬೀಳುತ್ತದೆ. ಅದರ 30 ಬಿಡಿಭಾಗಗಳನ್ನು 30 ದಿನಗಳೊಳಗೆ ಅವನು ಕೂಡಿಸಬೇಕು. ಅವನ ಸ್ವಂತ ತೋಳಿನಲ್ಲಿ ಹೇಳಿಕೊಳ್ಳುವಂಥ ಬಲವೇನೂ ಇಲ್ಲ. ಆದರೆ ಅವನು ಸೀಟಿ ಊದಿದರೆ ನೆಲದಿಂದ ಕಿತ್ತು ತೆಗೆದ ಗಿಡಜೀವಿಗಳು ಬೆನ್ನ ಹಿಂದೆ ನೆರೆಯುತ್ತವೆ. ಒಮ್ಮೆಗೆ 100ರವರೆಗೆ ಅವನ ಅಧೀನದಲ್ಲಿರಬಹುದು. ಅವುಗಳನ್ನು ಎತ್ತಿ ದೊಡ್ಡ ಹುಳುವಿನ ಮೈಮೇಲೆ ಎಸೆಯುತ್ತಾನೆ. ಅವು ಬಡಿದು ಬಡಿದು ಅದನ್ನು ಕೊಲ್ಲುತ್ತವೆ. ಹೆಣವನ್ನು ಹೊತ್ತು ತಮ್ಮ ಗೂಡಿಗೆ ಸಾಗಿಸುತ್ತವೆ. ಆ ಹೆಣದಿಂದ ಹೊಸ ಗಿಡಜೀವಿಗಳು ಹುಟ್ಟುತ್ತವೆ. ಸೂರ್ಯಾಸ್ತಕ್ಕೆ ನಾಯಕ ಹೊರಡುತ್ತಾನೆ. ಹಿಂದುಳಿದವುಗಳನ್ನು ನಿಶಾಚರ ಪ್ರಾಣಿಗಳು ತಿನ್ನುತ್ತವೆ.

2023ರ ಜುಲೈ 21ರಂದು ಬಂದ ನಾಲ್ಕನೆಯ ಭಾಗದಲ್ಲಿ ‘ಓಚಿ’ ಎಂಬ ನಾಯಿ ಸೇರಿತು. ಇಡೀ ಪಡೆಯನ್ನು ಅದರ ಬೆನ್ನ ಮೇಲೆ ಕುಳ್ಳಿರಿಸಿ ಸವಾರಿ ಮಾಡಬಹುದು, ಶತ್ರುವಿಗೆ ಗುದ್ದಿಸಬಹುದು, ಹೊರೆ ಹೊರಿಸಬಹುದು. ಅದು ಪಳಗಿದಷ್ಟೂ ಅಂಕಗಳಿಂದ ಅದರ ಶಕ್ತಿಯನ್ನು ಬೆಳೆಸಬಹುದು. ಬೇಕಾದರೆ ಪಡೆಯ ಮೇಲಿನ ಅಧಿಕಾರವನ್ನೇ ಅದಕ್ಕೆ ವಹಿಸಬಹುದು. ಈ ಭಾಗ ಕೊಂಡಾಡುವ ಕೌಶಲಕ್ಕೆ ಜಪಾನಿ ಭಾಷೆಯಲ್ಲಿ ‘ದಾಂದೋರಿ’ ಎಂದು ಹೆಸರು. ಕಡಿಮೆ ಕಾಲದಲ್ಲಿ ಹೆಚ್ಚು ಕೆಲಸ ಆಗುವಂತೆ ಆಳುಗಳನ್ನು ಹಂಚುವ ಜಾಣ್ಮೆ ಎಂದು ಅರ್ಥ. (ಊರೂರು ತಿರುಗಿ ಡಂಗುರ ಸಾರುವ ದಂಡೋರಕ್ಕೂ ಇದಕ್ಕೂ ಸಂಬಂಧವಿಲ್ಲ.) ಇಂಥ ಜಾಣ್ಮೆಯನ್ನು ವ್ಯಾಪಾರಿ ಮನೆತನಗಳಲ್ಲಿ ಮಕ್ಕಳಿಗೆ ಬೇರೆ ಕಲಿಸಬೇಕಾಗಿಲ್ಲ.

ಇದೆಲ್ಲ ಬರಿಯ ಚಿತ್ರ, ಬೆಳಕಿನ ಚುಕ್ಕೆ; ಜೀವವೇ ಇಲ್ಲದಲ್ಲಿ ಹಿಂಸೆಯೆಲ್ಲಿ ಎಂಬುದು ಸಮರ್ಥಕರ ಮೊದಲ ವಾದ. ಈ ವಾದಕ್ಕೆ ಉತ್ತರ ಹುಡುಕಲು ಹೊಸ ಗ್ರಂಥ ಬೇಕಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ಬೇಟೆಯನ್ನು ತ್ಯಜಿಸಿದ ಗೃಹಸ್ಥನಿಗೆ ಒಂದು ವಿಲಕ್ಷಣವಾದ ಕಟ್ಟಳೆ ವಿಧಿಸಿದ್ದಾರೆ: ಬಟ್ಟೆಯ ಮೇಲೆ, ನಾಣ್ಯದ ಮೇಲೆ, ಮಣ್ಣು ಮರಗಳ ಬೊಂಬೆಗಳಲ್ಲಿ ಮೂಡಿಸಿದ ಜೀವಿಗಳ ಆಕೃತಿಯನ್ನೂ ಅವನು ಕಡಿದು ಹಾಳುಗೆಡಹಬಾರದು. ಬಟ್ಟೆಯ ಜಿಂಕೆಗೆ ಜೀವವಿಲ್ಲವೆಂಬುದು ಅವರಿಗೆ ತಿಳಿಯದ ಸಂಗತಿಯೇ? ಕಡಿಯುವ ಕೈಯ ಹಿಂದಿನ ಪರಿಣಾಮವನ್ನು ಅವರು ನೋಡಿದರು. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾತಿ ಆಚಾರ್ಯರು ಪ್ರಾಣಹರಣಕ್ಕಿಂತ ಮೊದಲು ಪ್ರಮತ್ತಯೋಗವನ್ನು ಇಟ್ಟದ್ದೂ ಇದೇ ಕಾರಣಕ್ಕೆ.

ಕನ್ನಡಿಗರಿಗಂತೂ ಯಶೋಧರನ ಕಥೆಯೊಂದೇ ಸಾಕು. ಈ ಕಥೆಗೂ ಬೀದರಿನ ನೆರೆಸೀಮೆಗೂ ಹಳೆಯ ನಂಟಿದೆ. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಕುಳಿತು ಹತ್ತನೆಯ ಶತಮಾನದಲ್ಲಿ ಪುಷ್ಪದಂತ ಕವಿ ಇದನ್ನು ಅಪಭ್ರಂಶದಲ್ಲಿ ರಚಿಸಿದನು, ಸೋಮದೇವಸೂರಿ 959ರಲ್ಲಿ ‘ಯಶಸ್ತಿಲಕ’ವನ್ನು ಮುಗಿಸಿದನು, 1209ರಲ್ಲಿ ಜನ್ನನು ಕನ್ನಡಕ್ಕೆ ತಂದನು. ಅಪಶಕುನದ ಶಾಂತಿಗಾಗಿ ಪ್ರಾಣಿಬಲಿ ಕೊಡೆಂದು ತಾಯಿ ಚಂದ್ರಮತಿ ಮಗನನ್ನು ಒತ್ತಾಯಿಸುತ್ತಾಳೆ. ಯಶೋಧರ ಒಪ್ಪುವುದಿಲ್ಲ. ಕಡೆಗೆ ಇಬ್ಬರಿಗೂ ಒಪ್ಪಿಗೆಯಾಗುವ ಮಧ್ಯಮಾರ್ಗ ಸಿಗುತ್ತದೆ: ಹಿಟ್ಟಿನಿಂದ ಕೋಳಿ ಮಾಡಿ ಅದನ್ನು ಬಲಿ ಕೊಡುವುದು. ಇಂದಿನ ಶ್ರಾವಕನ ‘ರಕ್ತವಿಲ್ಲದ ಆಟ’ ಎಂಬ ಸಮಾಧಾನ ಆ ಹಿಟ್ಟಿನ ಕೋಳಿಯಲ್ಲದೆ ಮತ್ತೇನು? ಆ ಒಂದು ಸಂಕಲ್ಪದ ಫಲವಾಗಿ ತಾಯಿಮಕ್ಕಳಿಬ್ಬರೂ ತಿರ್ಯಂಚ ಜನ್ಮಗಳಲ್ಲಿ ತೊಳಲುತ್ತಾರೆ. ಮೊದಲ ಜನ್ಮದಲ್ಲಿ ಮಗ ನವಿಲಾಗುತ್ತಾನೆ, ತಾಯಿ ನಾಯಿಯಾಗುತ್ತಾಳೆ, ಆ ನಾಯಿಯೇ ಆ ನವಿಲನ್ನು ಕೊಲ್ಲುತ್ತದೆ. ಪ್ರಾಣಿಯ ಆಕೃತಿಗೆ ಆಜ್ಞೆ ನಡೆಸಿದವರು ಪರರ ಆಜ್ಞೆಗೆ ಒಳಗಾದ ಪ್ರಾಣಿಗಳಾದರು. ಕಥೆಯನ್ನು ಬರಿಯ ಪುರಾಣವೆಂದು ತಳ್ಳುವವರೂ ಈ ವಿಪರ್ಯಾಸದ ತರ್ಕಕ್ಕೆ ಉತ್ತರ ಕೊಡಬೇಕು.

ಹಾಗಾದರೆ ಚದುರಂಗವೂ ಹಿಂಸೆಯೇ, ಅಲ್ಲಿಯೂ ಕುದುರೆ ಆನೆಗಳು ಸಾಯುತ್ತವಲ್ಲ ಎಂದು ಕೇಳುವವರಿದ್ದಾರೆ. ಚದುರಂಗದ ಕುದುರೆ ನರಳುವುದಿಲ್ಲ. ಮರದ ಕಾಯಿಯನ್ನು ಮಣೆಯಿಂದ ತೆಗೆಯುವವನ ಮನಸ್ಸಿನಲ್ಲಿ ಕೊಲ್ಲುವ ಚಿತ್ರ ಮೂಡುವುದಿಲ್ಲ. ಲೆಕ್ಕ ಮಾತ್ರ ಇರುತ್ತದೆ. ಈ ಆಟದಲ್ಲಾದರೋ ಪ್ರತಿಯೊಂದು ಗಿಡಜೀವಿ ಸತ್ತಾಗಲೂ ಒಂದು ಕ್ಷೀಣವಾದ ಕೂಗು ಕೇಳಿಸಿ, ಪುಟ್ಟ ನೆರಳೊಂದು ಮೇಲಕ್ಕೇರಿ ಮಾಯವಾಗುತ್ತದೆ. ನಿರ್ಮಾತೃಗಳು ಅದನ್ನು ಉದ್ದೇಶಪೂರ್ವಕವಾಗಿಯೇ ಹಾಗೆ ರೂಪಿಸಿದ್ದಾರೆ, ಮತ್ತು ಇದು ಅವರ ಪ್ರಾಮಾಣಿಕತೆಗೆ ಸಾಕ್ಷಿ ಎಂದು ಒಪ್ಪಲೇಬೇಕು. ಎಷ್ಟೋ ಆಟಗಳಲ್ಲಿ ಸತ್ತವನು ಸದ್ದಿಲ್ಲದೆ ಅಳಿಸಿಹೋಗುತ್ತಾನೆ. ಇಲ್ಲಿ ಸಾವು ಸಾವಾಗಿ ಕಾಣುತ್ತದೆ, ಆಡುವ ಮಗುವಿಗೆ ಒಂದು ಕ್ಷಣ ನೋವಾಗುತ್ತದೆ. ಅನುಕಂಪೆಯ ಬೀಜ ಬಿದ್ದದ್ದು ಅಲ್ಲಿಯೇ.

ಆದರೆ ಆ ಬೀಜಕ್ಕೆ ಮುಂದೆ ಏನಾಗುತ್ತದೆ? ನಾಲ್ಕನೆಯ ಭಾಗದಲ್ಲಿ ಕಾಲವನ್ನು ಹಿಂದಕ್ಕೆ ತಿರುಗಿಸುವ ಸೌಲಭ್ಯವಿದೆ. ಹತ್ತು ಜೀವಿಗಳನ್ನು ಅಜಾಗ್ರತೆಯಿಂದ ನೀರಿಗೋ ಬೆಂಕಿಗೋ ನೂಕಿದ ಬಾಲಕ ಕೆಲವು ನಿಮಿಷ ಹಿಂದಕ್ಕೆ ಹೋಗಿ ಅವುಗಳನ್ನು ಮತ್ತೆ ಪಡೆಯಬಹುದು. ಆದದ್ದು ಆಗಲೇ ಇಲ್ಲ! ಇದನ್ನು ದಯೆಯೆಂದು ಕೆಲವರು ಹೊಗಳುತ್ತಾರೆ. ದಿನದಿನವೂ ಪ್ರತಿಕ್ರಮಣ ಮಾಡುವ ಮನೆಯಲ್ಲಿ ಈ ಹೊಗಳಿಕೆ ಹೇಗೆ ಸಲ್ಲುತ್ತದೆ? ಪ್ರತಿಕ್ರಮಣದಲ್ಲಿ ಕೃತ್ಯ ಅಳಿಯುವುದಿಲ್ಲ. ಆಲೋಚನೆ, ನಿಂದೆ, ಗರ್ಹೆಗಳ ಮೂಲಕ ಮಾಡಿದವನು ಅದನ್ನು ಮತ್ತೆ ಎದುರಿಗಿಟ್ಟುಕೊಂಡು ಇನ್ನು ಮಾಡೆನೆಂದು ತನ್ನನ್ನೇ ಬದಲಿಸಿಕೊಳ್ಳುತ್ತಾನೆ. ಆಟದ ಗುಂಡಿ ಒತ್ತಿದಾಗ ಕೃತ್ಯ ಅಳಿಯುತ್ತದೆ, ಮಾಡಿದವನು ಇದ್ದಂತೆಯೇ ಉಳಿಯುತ್ತಾನೆ. ಜೊತೆಗೆ, ಮುಂದಿನ ಬಾರಿ ಇನ್ನಷ್ಟು ಧೈರ್ಯವಾಗಿ ಎಸೆಯುವ ಅಭ್ಯಾಸವೂ ಬೆಳೆಯುತ್ತದೆ. ಈ ಆಟದಲ್ಲಿ ಆಕ್ಷೇಪಿಸಬೇಕಾದ ಮೊದಲ ವಸ್ತು ಈ ಗುಂಡಿ.

ಎರಡನೆಯದು ಇನ್ನೂ ಗಹನವಾದದ್ದು. ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ಎಣಿಸುವ ಪದ್ಧತಿ ಬಾಲಬೋಧೆಯಲ್ಲಿಯೇ ಬರುತ್ತದೆ. ಬಂದೂಕಿನ ಆಟ ಕೃತದ ಚಿತ್ರ. ಸೀಟಿಯ ಆಟ ಕಾರಿತದ ಚಿತ್ರ. ಇಲ್ಲಿ ನಾಯಕನ ಕೈ ಸದಾ ಶುಭ್ರ. ಬಡಿಯುವವರು ಬೇರೆ, ಸಾಯುವವರು ಬೇರೆ, ಲಾಭ ಮಾತ್ರ ಅವನದು. ವರ್ತಕ ಸಮಾಜಕ್ಕೆ ಯಾವ ಚಿತ್ರ ಹೆಚ್ಚು ಅಪಾಯಕಾರಿ? ಜೈನರ ಮನೆಯ ಬಾಲಕ ನಾಳೆ ಬಂದೂಕು ಹಿಡಿಯುವ ಸಂಭವ ಕಡಿಮೆ. ಅವನು ನಾಳೆ ಗದ್ದಿಗೆಯ ಮೇಲೆ ಕುಳಿತು ಹಮಾಲರನ್ನೂ ಗಾಡಿಗಳನ್ನೂ ಕೂಲಿಯವರನ್ನೂ ಹಂಚುವವನು. ‘ನಾನು ಯಾರನ್ನೂ ಹೊಡೆದಿಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳಬಲ್ಲವನು. 2004ರಲ್ಲಿ ಬಂದ ಇದೇ ಆಟದ ಎರಡನೆಯ ಭಾಗದ ಕಥೆಯನ್ನು ಕೇಳಿದರೆ ಯಾವ ಅಡತಿಯವನಿಗೂ ನಗು ಬಂದೀತು: ನಾಯಕ ದುಡಿಯುವ ಸಾಗಣೆ ಕಂಪನಿ ಸಾಲದಲ್ಲಿ ಮುಳುಗಿದೆ, ಉಳಿದ 10,100 ನಾಣ್ಯಗಳ ಬಾಕಿ ತೀರಿಸಲು ಅವನು ಮತ್ತೆ ಆ ಗ್ರಹಕ್ಕೆ ಬಂದು ಗಿಡಜೀವಿಗಳಿಂದ ನಿಕ್ಷೇಪಗಳನ್ನು ಹೊರಿಸುತ್ತಾನೆ. ಧಣಿ ಮಾಡಿದ ಸಾಲ, ಕೆಳಗಿನವನ ಓಡಾಟ, ಅವನಿಗಿಂತ ಕೆಳಗಿನವರ ಸಾವು. ಮಂಡಿಪೇಟೆಯಲ್ಲಿ ಇದು ಅಪರಿಚಿತ ಕಥೆಯೇನಲ್ಲ.

ಇಂಥ ವಿಷಯಗಳಲ್ಲಿ ಸಮಾಜದ ದೃಷ್ಟಿ ಎಲ್ಲಿ ನೆಡುತ್ತದೆ ಎಂಬುದಕ್ಕೆ 2016ರ ಒಂದು ಪ್ರಸಂಗ ಸ್ಮರಣೀಯ. ಆ ವರ್ಷ ‘ಪೋಕೆಮಾನ್ ಗೋ’ ಎಂಬ ಆಟ ಹರಡಿತು. ಫೋನು ಹಿಡಿದು ಬೀದಿಯಲ್ಲಿ ನಡೆಯುತ್ತ, ಪರದೆಯಲ್ಲಿ ಕಾಣುವ ಜೀವಿಗಳಿಗೆ ಚೆಂಡು ಎಸೆದು ಹಿಡಿಯುವುದು, ಹಿಡಿದವುಗಳನ್ನು ಕಾದಾಡಿಸುವುದು, ಒಂದನ್ನು ಒಡನಾಡಿಯಾಗಿ ಇಟ್ಟುಕೊಳ್ಳುವುದು ಅದರ ಕ್ರಮ. ಇದರ ಮೂಲಕಲ್ಪನೆ ಕೊಟ್ಟ ಸತೋಶಿ ತಾಜಿರಿ ಬಾಲ್ಯದಲ್ಲಿ ಕೀಟ ಸಂಗ್ರಹಿಸುತ್ತಿದ್ದವರು. ಆಟದಲ್ಲಿ ಮೊಟ್ಟೆಗಳೂ ದೊರೆಯುತ್ತವೆ. ಹಿಂದೂ ಹಾಗೂ ಜೈನ ಮಂದಿರಗಳ ಆವರಣದಲ್ಲಿ ಮೊಟ್ಟೆಯ ಚಿತ್ರ ಕಾಣಿಸುವುದು ಧಾರ್ಮಿಕ ಭಾವನೆಗೆ ಧಕ್ಕೆಯೆಂದು ಗುಜರಾತ್ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ದಾಖಲಾಯಿತು. ಸೆಪ್ಟೆಂಬರಿನಲ್ಲಿ ನ್ಯಾಯಾಲಯ ನೋಟೀಸು ನೀಡಿತು. ಅರ್ಜಿಯಲ್ಲಿ ಸಾರ್ವಜನಿಕ ಸುರಕ್ಷೆಯ ಮಾತೂ ಇತ್ತು. ಆದರೆ ಜನರ ಬಾಯಲ್ಲಿ ಉಳಿದದ್ದು ಮೊಟ್ಟೆಯೊಂದೇ. ಗುಡಿಯೊಳಗಿನ ಮೊಟ್ಟೆಯ ಚಿತ್ರಕ್ಕೆ ನೊಂದವರು, ಮನೆಯೊಳಗೆ ಜೀವಿಯನ್ನು ಹಿಡಿದು ಸೆರೆಯಿಟ್ಟು ಕಾದಾಡಿಸುವ ಚಿತ್ರಕ್ಕೆ ನೋಯಲಿಲ್ಲವೇಕೆ? ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ. ಆಹಾರದ ನಿಷೇಧ ಕಂಠಪಾಠವಾಗಿದೆ. ಅತಿಚಾರಗಳ ಪಟ್ಟಿ ಪುಸ್ತಕದಲ್ಲಿಯೇ ಉಳಿದಿದೆ.

ಆ ಪಟ್ಟಿಯನ್ನು ಬಿಚ್ಚಿ ನೋಡಿದರೆ ಆಶ್ಚರ್ಯವಾಗುತ್ತದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರಿಸುವುದು, ಕೂಳುನೀರು ತಡೆಯುವುದು. ಇವೆಲ್ಲ ಅಧೀನದಲ್ಲಿರುವ ಜೀವಿಯ ಮೇಲೆ ಒಡೆಯ ಮಾಡುವ ಅಪಚಾರಗಳು. ಶತ್ರುವಿನ ವಿಷಯ ಇಲ್ಲಿಲ್ಲ. ಸೀಟಿಗೆ ಓಡಿ ಬರುವ, ನಂಬಿ ಹಿಂಬಾಲಿಸುವ ಜೀವಿಯೇ ಇಲ್ಲಿನ ವಿಷಯ. ಓಚಿ ಎಂಬ ನಾಯಿ ಬಾಲಕನಿಗೆ ಎಷ್ಟು ಪ್ರಿಯವಾದರೂ ಅದರ ಮೇಲಿನ ಪ್ರೀತಿ ಅದು ಎಷ್ಟು ಹೊರುತ್ತದೆ, ಎಷ್ಟು ಗಟ್ಟಿಯಾಗಿ ಗುದ್ದುತ್ತದೆ ಎಂಬ ಅಂಕಗಳ ಜೊತೆ ಬೆಳೆಯುತ್ತದೆ. ಜೀವಂಧರನ ಕಥೆಯ ನಾಯಿ ಬೇರೆಯದು. ಪೆಟ್ಟು ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ರಾಜಕುಮಾರ ಪಂಚನಮಸ್ಕಾರ ಹೇಳಿದ; ಅದರಿಂದ ಯಾವ ಕೆಲಸವನ್ನೂ ಬೇಡಲಿಲ್ಲ. ಅದು ಯಕ್ಷನಾಗಿ ಹುಟ್ಟಿ ತಾನಾಗಿಯೇ ಬಂದು ನೆರವಾಯಿತು. ಭಾಸ್ಕರ ಕವಿ 1424ರಲ್ಲಿ ಇದನ್ನು ಕನ್ನಡದಲ್ಲಿ ಹಾಡಿದ್ದಾನೆ. ಪಾಠಶಾಲೆಗಳಲ್ಲಿ ಮಕ್ಕಳಿಗೆ ಓಚಿಯ ಪಕ್ಕದಲ್ಲಿ ಈ ನಾಯಿಯನ್ನೂ ನಿಲ್ಲಿಸಿ ತೋರಿಸುವವರು ಯಾರು?

ಆಟವನ್ನು ಕಸಿದುಕೊಂಡು ಬೀರುವಿನಲ್ಲಿಡುವುದರಿಂದ ಏನೂ ಸಾಧಿಸದು. ಕದ್ದು ಆಡುವ ಕಲೆ ಮಾತ್ರ ಬರುತ್ತದೆ. ಮಗು ಆಡುವಾಗ ಹಿರಿಯನೊಬ್ಬ ಪಕ್ಕದಲ್ಲಿ ಕೂರಲಿ. ಕಾಲ ತಿರುಗಿಸುವ ಗುಂಡಿ ಒತ್ತದಂತೆ ಮಾತು ಪಡೆಯಲಿ. ಸೂರ್ಯಾಸ್ತಕ್ಕೆ ಎಷ್ಟು ಹೋದವು, ಎಷ್ಟು ಬಂದವು, ಬಾರದವು ಯಾರ ತಪ್ಪಿನಿಂದ ಎಂದು ಕೇಳಲಿ. ಇರುವೆ ತ್ರೀಂದ್ರಿಯ ಜೀವಿಯೆಂದು ಕಲಿತ ಮನೆಯಲ್ಲಿ, ಇರುವೆಯ ಗೂಡಿಗೆ ಸಕ್ಕರೆ ಹಾಕುವ ಅಜ್ಜಿಯ ಎದುರಿನಲ್ಲಿ ಈ ಪ್ರಶ್ನೆ ಅಸಹಜವಾಗದು.

ಬಳಿಕ ಅದೇ ಬಾಲಕನನ್ನು ಕಬ್ಬಿನ ಕಾಲದಲ್ಲಿ ಹೊಲದ ದಾರಿಗೆ ಕರೆದೊಯ್ಯಲಿ. ಈಗ ಟ್ರಾಕ್ಟರುಗಳೇ ಹೆಚ್ಚಾದರೂ ಭಾಲ್ಕಿ, ಔರಾದ ಸೀಮೆಯಲ್ಲಿ ದೇವಣಿ ತಳಿಯ ಎತ್ತುಗಳು ಇನ್ನೂ ನೊಗಕ್ಕೆ ಹೆಗಲು ಕೊಡುತ್ತಿವೆ. ಅವು ಈ ಸೀಮೆಯ ನಿಜವಾದ ಒಡನಾಡಿಗಳು. ಪೋಳ, ಕಾರಹುಣ್ಣಿಮೆಗಳಂದು ಅವುಗಳಿಗೆ ಕೋಡಣಸು, ಜೂಲು, ಹೋಳಿಗೆ. ಭಾರ ಎಳೆಯುವ ಪ್ರಾಣಿಗಳಿಗಾಗಿ 1965ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಗಳು ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸಬಾರದೆನ್ನುತ್ತವೆ. ಉಷ್ಣತೆ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ನೊಗಕ್ಕೆ ಕಟ್ಟಲೇಬಾರದೆನ್ನುತ್ತವೆ. ಬೀದರ ಜಿಲ್ಲೆಯ ವೈಶಾಖದಲ್ಲಿ ಇದು ಪ್ರತಿದಿನದ ಪ್ರಶ್ನೆ. ಆಟದಲ್ಲಿ ಪ್ರತಿಯೊಂದು ಹೊರೆಯ ಮೇಲೂ ಅದನ್ನು ಎತ್ತಲು ಎಷ್ಟು ಜೀವಿಗಳು ಬೇಕು, ಎಷ್ಟು ಸೇರಿವೆ ಎಂಬ ಅಂಕಿ ಮೂಡುತ್ತದೆ. ಗಾಡಿಯ ಮೇಲೆ ಹಾಗೆ ಮೂಡುವುದಿಲ್ಲ. ಬಾಡಿಗೆ ಗೊತ್ತುಮಾಡುವ ವರ್ತಕನೇ ಅದನ್ನು ಬಾಲಕನ ಎದುರಿನಲ್ಲಿ ಎಣಿಸಿ ಹೇಳಬೇಕು.