ನೀರಿನ ಮೇಲೆ ಹಾರಾಟ

ಸಯನ್ ಕೋಟೆಯಿಂದ ದೂರದ ಥಾಣೆ ಖಾಡಿಯನ್ನು ನೋಡಿದ ಯುವಕರಿಗೆ ಕ್ಯಾಮೆರಾ ಡ್ರೋನ್ ಹಾರಿಸುವ ಆಸೆ ಹುಟ್ಟುವುದು ಸಹಜ. ಆದರೆ ನೀರು ನೆಲದಂತಲ್ಲ. ಹೊಳೆಯುತ್ತ ಅಲೆಯಾಡುವ ನೀರಿನ ಮೇಲೆ ಯಂತ್ರದ ಕೆಳಗಣ್ಣು ಎತ್ತರವನ್ನು ತಪ್ಪಾಗಿ ಎಣಿಸಬಹುದು. ಆದುದರಿಂದ ತೀರ ಕೆಳಗೆ ಹಾರಿಸಬಾರದು. ಗಾಳಿಯೊಡನೆ ಸುಲಭವಾಗಿ ಹೋದದ್ದು ಎದುರುಗಾಳಿಯಲ್ಲಿ ಮರಳಲು ಹೆಚ್ಚು ವಿದ್ಯುತ್ತನ್ನು ಬೇಡುತ್ತದೆ. ಬ್ಯಾಟರಿ ಅರ್ಧಕ್ಕಿಳಿಯುವ ಮೊದಲೇ ಹಿಂದಿರುಗಿಸುವುದು ವಿವೇಕ. ಮೀಸಲು ನಿಧಿಗೆ ಕೈಹಾಕಿದ ವ್ಯವಹಾರ ಬಾಳದು.

ಇದೆಲ್ಲಕ್ಕಿಂತ ಮೊದಲಿನದು ಅನುಮತಿ. 2021ರ ಡ್ರೋನ್ ನಿಯಮಗಳಂತೆ ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿಲೋಮೀಟರಿನೊಳಗೆ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಸಯನ್ ಆ ಪರಿಧಿಯೊಳಗೇ ಇದೆ. ಯಂತ್ರ ಮುಳುಗಿದರೆ ಹಣ ಹೋದೀತು. ವಿಮಾನಕ್ಕೆ ತಗುಲಿದರೆ ಜೀವಗಳೇ ಹೋದಾವು. ಅನುಮತಿ ದೊರೆಯದ ದಿನ ಡ್ರೋನನ್ನು ಪೆಟ್ಟಿಗೆಯಲ್ಲಿಯೇ ಇರಿಸುವ ಸಂಯಮವೇ ಹಾರಾಟದ ಮೊದಲ ಪಾಠ.